ಟೇಕ್ ಆಫ್ ಮೇಷ್ಟ್ರು
ಇಂಗ್ಲಿಷ್ ಮೇಷ್ಟ್ರಿಗೆ ಅರ್ಥವನ್ನು ಬಾಯಲ್ಲಿ ಹೇಳಿದರೆ ಸಮಾಧಾನವಿಲ್ಲ, ಮಾಡಿಯೇ ತೋರಿಸಬೇಕು. ‘ಟೇಕ್ ಆಫ್’ ಪಾಠ ಬಂತೆಂದರೆ ಮುಗಿಯಿತು. ಕಳಚುವುದು ಎನ್ನುತ್ತ ಕೋಟನ್ನೂ ಕನ್ನಡಕವನ್ನೂ ಕಳಚಿ ಮೇಜಿನ ಮೇಲಿಡುತ್ತಾರೆ. ವಿಮಾನ ಮೇಲೇರುವುದು ಎನ್ನುತ್ತ ಕೈ ಚಾಚಿ ಬೆಂಚುಗಳ ನಡುವೆ ಓಡುತ್ತಾರೆ. ಕನ್ನಡಕವಿಲ್ಲದ ಆ ವಿಮಾನ ಪ್ರತಿಸಲವೂ ಕಪಾಟಿಗೇ ಡಿಕ್ಕಿ ಹೊಡೆಯುತ್ತದೆ. “ಇಳಿಯೋದು ಬೇರೆ ಪಾಠ,” ಎಂದು ಹಣೆ ಉಜ್ಜಿಕೊಳ್ಳುತ್ತಾರೆ. ಇನ್ನೊಂದು ಅರ್ಥ ಅಣಕಿಸುವುದು. ಅದಕ್ಕೆ ಹೆಡ್‌ಮೇಷ್ಟ್ರ ನಡಿಗೆಯೇ ಆಗಬೇಕು: ಕತ್ತು ಮುಂದೆ, ಕೈ ಹಿಂದೆ, ಹೆಜ್ಜೆಗೊಂದು ಕೆಮ್ಮು. ಹೆಡ್‌ಮೇಷ್ಟ್ರು ಬದುಕಿದ್ದಾಗ ಇದಕ್ಕೆ ಅವರಿಂದ ಬೈಸಿಕೊಂಡದ್ದೂ ಉಂಟು. ಅವರು ತೀರಿಕೊಂಡ ಮೇಲೆ ಮೇಷ್ಟ್ರು ನಿಲ್ಲಿಸಿಬಿಡಬೇಕೆಂದುಕೊಂಡರು, ಆಗಲಿಲ್ಲ. ಈ ಪಾಠದ ದಿನ ಹೆಡ್‌ಮೇಷ್ಟ್ರ ಹೆಂಡತಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಕೋಟು, ವಿಮಾನ ಎಲ್ಲವನ್ನೂ ಸಹಿಸಿಕೊಂಡು ಕಾಯುತ್ತಾರೆ. “ಅವರ ಕೆಮ್ಮು ಇನ್ನೂ ಸ್ವಲ್ಪ ಜೋರಿತ್ತು ಮೇಷ್ಟ್ರೇ. ಬಾಗಿಲಿಂದ ಇನ್ನೊಂದ್ಸಲ ನಡ್ಕೊಂಡು ಬನ್ನಿ.”