ಟಾಂಗಾದ ಕಾಶಿರಾಯ ಜೀನು ಏರಿದ್ದು

ಕಮಲಾಪುರದ ಕಾಶಿರಾಯ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹದಿನೇಳು ವರ್ಷ ಟಾಂಗಾ ಹೊಡೆದ. ಕುದುರೆಯ ಕೆಮ್ಮು ಕೇಳಿಯೇ ಅದು ಹಿಂದಿನ ದಿನ ಏನು ತಿಂದಿತ್ತೆಂದು ಹೇಳುತ್ತಿದ್ದ. ಯಾವ ಕಾಲು ನೋಯುತ್ತಿದೆ ಎಂಬುದು ಕುದುರೆಗಿಂತ ಒಂದು ಗಳಿಗೆ ಮೊದಲೇ ಅವನಿಗೆ ಗೊತ್ತಾಗುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಆದರೆ ಆ ಹದಿನೇಳು ವರ್ಷದಲ್ಲಿ ಅವನು ಒಮ್ಮೆಯೂ ಕುದುರೆಯ ಬೆನ್ನ ಮೇಲೆ ಕೂತಿರಲಿಲ್ಲ. ಟಾಂಗಾ ಇರುವಾಗ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಎಂಬತ್ತೆಂಟರ ಹೊತ್ತಿಗೆ ಆಟೋಗಳು ಬಂದು ತುಂಬಿಕೊಂಡವು. ರೈಲು ಇಳಿದವರು ಹೊರಗೆ ಬಂದು ಟಾಂಗಾ ನೋಡುವರು, ಆಟೋ ನೋಡುವರು, ಆಟೋ ಹತ್ತುವರು. ಕಾಶಿರಾಯ ಸಿಟ್ಟು ಮಾಡಿಕೊಳ್ಳಲಿಲ್ಲ. ಅವನಿಗೂ ಅವಸರವಿದ್ದಾಗ ಒಂದೆರಡು ಸಲ ಆಟೋ ಹತ್ತಿದ್ದ. ಕುದುರೆಗಳಿಗೆ ಲಾಳ ಹೊಡೆಯುವ ಮುದುಕ ನಬಿಸಾಬ್ ಮಾತ್ರ ಒಂದು ದಿನ ತನ್ನ ಸುತ್ತಿಗೆ ಕೆಳಗಿಟ್ಟು ಹೇಳಿದ: "ಕಾಶಿರಾಯ, ಆಟೋಕ್ಕ ಲಾಳ ಹೊಡ್ಯಾಕ ಬರಂಗಿಲ್ಲ, ನಾ ನೋಡೀನಿ. ನೀ ಹೈದ್ರಾಬಾದಿಗಿ ಹೋಗು. ರೇಸಿನ ಕುದುರಿ ಲಾಯದಾಗ ನನ್ನ ತಂಗಿ ಮಗ ಹಾನ."

"ಅಲ್ಲೇನು ಮಾಡ್ಲಿ ಚಾಚಾ?"

"ಇಲ್ಲೇನು ಮಾಡ್ತಿದ್ದಿ? ಅದೇ. ಟಾಂಗಾ ಒಂದು ಇರಂಗಿಲ್ಲ."

ಕಾಶಿರಾಯ ಹೋದ. ಲಾಯದಲ್ಲಿ ಅವನು ಸಯೀಸನಾದ. ಕುದುರೆ ಉಜ್ಜುವುದು, ಮೇವು ಹಾಕುವುದು, ಹಗ್ಗ ಹಿಡಿದು ನಡೆಸುವುದು. ಏರುವವರು ಬೇರೆ ಇದ್ದರು, ಅವರೆಲ್ಲ ಗಿಡ್ಡ ಆಳುಗಳು. ತೊಂಬತ್ತೆರಡರಲ್ಲಿ ಲಾಯದ ಸಾಹೇಬರಿಗೆ ಕೀನ್ಯಾ ದೇಶದಿಂದ ಒಂದು ಪತ್ರ ಬಂತು. ಅಲ್ಲಿ ಮಿಸೆಸ್ ಹಾರ್ಲೆ ಎಂಬ ಬಿಳಿಯ ಹೆಂಗಸು ಪರದೇಶದ ಜನರನ್ನು ಕುದುರೆಯ ಮೇಲೆ ಕೂರಿಸಿ ಕಾಡುಪ್ರಾಣಿಗಳ ನಡುವೆ ಹತ್ತು ದಿನ ಸುತ್ತಾಡಿಸುತ್ತಿದ್ದಳು. ಜನ ಇದನ್ನು ರಜೆ ಎಂದು ಕರೆಯುತ್ತಿದ್ದರು. ನೋಡಿದೊಡನೆ ಕುದುರೆಯ ರೋಗ ಹೇಳುವ ಒಬ್ಬ ಮನುಷ್ಯ ಅವಳಿಗೆ ಬೇಕಿತ್ತು. ಸಾಹೇಬರು ಕಾಶಿರಾಯನನ್ನು ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಅವನು ಕಮಲಾಪುರಕ್ಕೆ ಬಂದ.

ಹೆಂಡತಿ ದುಂಡಮ್ಮ ಅಂಗಳದಲ್ಲಿ ಕೆಂಪು ಬಾಳೆಯ ಗೊನೆ ಬಿಡಿಸುತ್ತಿದ್ದಳು.

"ಅಲ್ಲಿ ಏನು ಕೆಲಸ್ರೀ?"

"ಕುದುರಿ ನೋಡ್ಕೊಳ್ಳೋದು."

"ಹುಲಿ ಅವೇನು ಅಲ್ಲಿ?"

"ಹುಲಿ ಒಂದೂ ಇಲ್ಲಂತ. ಸಿಂಹ ಅವ ಅಂತ."

ದುಂಡಮ್ಮ ಸ್ವಲ್ಪ ಯೋಚಿಸಿದಳು. ಹುಲಿ ಮನುಷ್ಯರನ್ನು ಹಿಡಿದ ಸುದ್ದಿ ಅವಳು ಕೇಳಿದ್ದಳು. ಸಿಂಹದ ಬಗ್ಗೆ ಅಂಥ ದೂರು ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. "ಹಂಗಾದ್ರ ಹೋಗಿ ಬರ್ರಿ," ಅಂದಳು.

ಕೀನ್ಯಾದಲ್ಲಿ ಇಳಿದ ಕಾಶಿರಾಯನಿಗೆ ಭಾಷೆಯ ಚಿಂತೆ ಇತ್ತು. ಮೊದಲ ದಿನವೇ ಅದರಲ್ಲಿ ಅರ್ಧ ಹೋಯಿತು. ಅಲ್ಲಿಯೂ ಕುದುರೆ ನೋಡಿಕೊಳ್ಳುವವನನ್ನು ಸಯೀಸನೆಂದೇ ಕರೆಯುತ್ತಿದ್ದರು. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಔಷಧಕ್ಕೆ ದಾವಾ. ಚಹಾ ಚಾಯ್ ಆಗಿತ್ತು, ಚಪಾತಿ ಚಪಾತಿಯೇ ಆಗಿತ್ತು. ಸ್ಟೇಶನ್ ಬಜಾರದ ಉರ್ದು ಇಷ್ಟು ದೂರ ಬಂದು ಕೆಲಸ ಮಾಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಮುದಿ ಕಂದು ಕುದುರೆಯ ಹೆಸರು ಬಾಬು. ಇದು ಯಾವ ಕಚೇರಿಯ ಬಾಬು ಎಂದು ಅವನು ಕೇಳಿದಾಗ, ದಾರಿ ತೋರಿಸುವ ಮಾಸಾಯಿ ಸವಾರ ಲೆಕಿಶೋನ್, ತಮ್ಮ ಕಡೆ ಬಾಬು ಅಂದರೆ ಅಜ್ಜ ಎಂದು ತಿಳಿಸಿದ. ಅಂದಿನಿಂದ ಕಾಶಿರಾಯ ಅದನ್ನು ತನ್ನೂರ ಮಾತಿನಲ್ಲಿ ಮುತ್ಯಾ ಎಂದು ಕರೆದ. ಕುದುರೆ ಎರಡಕ್ಕೂ ತಿರುಗಿ ನೋಡುತ್ತಿತ್ತು.

ಅಲ್ಲಿಗೆ ಬರುವ ಅತಿಥಿಗಳು ಸವಾರಿಯಲ್ಲಿ ಪಳಗಿದವರೇ ಇರಬೇಕೆಂಬ ಕಟ್ಟುನಿಟ್ಟು ಇತ್ತು. ಆನೆ ಬೆನ್ನಟ್ಟಿದರೆ ದೌಡಾಯಿಸಬಲ್ಲಿರಾ, ಬಿದ್ದ ಮರದ ಮೇಲಿಂದ ಕುದುರೆ ಜಿಗಿಸಬಲ್ಲಿರಾ ಎಂದು ಒಂದು ಕಾಗದದಲ್ಲಿ ಮೊದಲೇ ಕೇಳಿರುತ್ತಿದ್ದರು. ಎಲ್ಲರೂ ಹೌದೆಂದು ಬರೆದಿರುತ್ತಿದ್ದರು. ಕಾಶಿರಾಯನಿಗೆ ಆ ಕಾಗದ ಓದಲು ಬರುತ್ತಿರಲಿಲ್ಲ. ಅವನು ಜನ ಕುದುರೆಯ ಹತ್ತಿರ ಬರುವುದನ್ನು ನೋಡುತ್ತಿದ್ದ. ಯಾರು ಕುದುರೆಯ ಕಿವಿ ನೋಡುತ್ತ ಬರುತ್ತಾರೋ ಅವರು ಸವಾರರು. ಯಾರು ತಮ್ಮ ಬೂಟು ನೋಡಿಕೊಳ್ಳುತ್ತ ಬರುತ್ತಾರೋ ಅವರಿಗೆ ಮುತ್ಯಾನೇ ಸರಿ. ಮೂರು ವರ್ಷ ಮಿಸೆಸ್ ಹಾರ್ಲೆ ಅವನ ಮಾತಿನ ಪ್ರಕಾರವೇ ಕುದುರೆ ಹಂಚಿದಳು. ಮೂರು ವರ್ಷದಲ್ಲಿ ಯಾರೂ ಬೀಳಲಿಲ್ಲ.

ತೊಂಬತ್ತೈದರಲ್ಲಿ ಡೆನ್ಮಾರ್ಕಿನ ಒಬ್ಬ ವಕೀಲ ಬಂದ. ಬೂಟು ಬಹಳ ಚಂದ ಇದ್ದವು. ಅವನಿಗೆ ಮುತ್ಯಾನನ್ನು ಕೊಡಬೇಕೆಂದು ಕಾಶಿರಾಯ ಹೇಳಿದ. ವಕೀಲ ಒಪ್ಪಲಿಲ್ಲ. ತಾನು ಇಪ್ಪತ್ತು ವರ್ಷದ ಸವಾರ, ಈ ಕುದುರೆ ನಿಂತಲ್ಲೇ ನಿದ್ದೆ ಮಾಡುತ್ತಿದೆ ಎಂದ. ಅದು ನಿಜವಾಗಿಯೂ ನಿದ್ದೆ ಮಾಡುತ್ತಿತ್ತು. ಮಿಸೆಸ್ ಹಾರ್ಲೆ ಸೋತು ಒಂದು ಕಪ್ಪು ಕುದುರೆ ಕೊಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನ ಕಾಶಿರಾಯ ಊಟದ ಲಾರಿಯ ಹತ್ತಿರ ಇದ್ದ. ಲಾರಿಯಲ್ಲಿ ರೇಡಿಯೋ ಇತ್ತು, ಪಕ್ಕದಲ್ಲಿ ಮುತ್ಯಾನನ್ನು ಜೀನು ಹಾಕಿ ಕಟ್ಟಿದ್ದರು. ಅಕಾಲದಲ್ಲಿ ಒಂದು ದೊಡ್ಡ ಮಳೆ ಆಗಿ ಹೋಗಿತ್ತು. ರೇಡಿಯೋದಲ್ಲಿ ಮಿಸೆಸ್ ಹಾರ್ಲೆಯ ದನಿ ಬಂತು: ವಕೀಲ ಬಿದ್ದಿದ್ದಾನೆ, ತೋಳಿನ ಕೀಲು ತಪ್ಪಿದೆ, ಕಪ್ಪು ಕುದುರೆ ಓಡಿಹೋಗಿದೆ, ಔಷಧದ ಚೀಲ ಮತ್ತು ಬಾಬುವನ್ನು ಕೂಡಲೇ ತರಬೇಕು. ದೂರ ಎರಡು ಮೈಲು.

ಲಾರಿಯ ಡ್ರೈವರ್ ಇಂಜಿನ್ ಚಾಲೂ ಮಾಡಿದ. ಕಾಶಿರಾಯ ನೆಲ ನೋಡಿದ. ಅದು ಎರೆಮಣ್ಣು, ಕಮಲಾಪುರದಲ್ಲಿ ಇದ್ದಂಥದ್ದೇ ಕರಿ ಎರೆ. "ಹೋಗಬ್ಯಾಡಪ್ಪ, ಹೂಳ್ತದ," ಎಂದ. ಡ್ರೈವರನಿಗೆ ಕನ್ನಡ ತಿಳಿಯಲಿಲ್ಲ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಲಾರಿ ಅಚ್ಚಿನವರೆಗೆ ಹೂತು ನಿಂತಿತು. ಆಮೇಲೆ ತಿಳಿಯಿತು.

ತಾನು ಕುದುರೆ ಹಿಡಿದುಕೊಂಡು ನಡೆದು ಬರುತ್ತೇನೆಂದು ಕಾಶಿರಾಯ ರೇಡಿಯೋದಲ್ಲಿ ಹೇಳಿದ. ನಡೆದು ಬರಕೂಡದು, ಹುಲ್ಲು ಎತ್ತರವಿದೆ, ಸಿಂಹಗಳಿವೆ, ಏರಿಕೊಂಡು ಬಾ ಎಂದಳು ಮಿಸೆಸ್ ಹಾರ್ಲೆ.

"ಮೇಡಂ, ನನಗ ಏರಾಕ ಬರಂಗಿಲ್ಲ," ಎಂದ ಕಾಶಿರಾಯ, ತನಗೆ ಗೊತ್ತಿದ್ದ ಮೂರು ಭಾಷೆಗಳಲ್ಲೂ.

ರೇಡಿಯೋದಲ್ಲಿ ಬರೀ ಗೊರಗೊರ ಸದ್ದು ಬಂತು. ಕೆಟ್ಟಿತೇನೋ ಎಂದು ಡ್ರೈವರ್ ಅದಕ್ಕೊಂದು ಏಟು ಕೊಟ್ಟ. ಕೊನೆಗೆ ಅವಳು ಕೇಳಿದಳು: ಇಪ್ಪತ್ತು ವರ್ಷದಿಂದ ಕುದುರೆಗಳ ಜೊತೆ ಇದ್ದೇನೆಂದು ಹೇಳಿದ್ದೆಯಲ್ಲ?

"ಹಿಂದ ಇದ್ದೆ ಮೇಡಂ. ಮ್ಯಾಲಿಲ್ಲ."

ಹಾಗಾದರೆ ಈಗ ಮೇಲೆ ಕೂತು ಬಾ ಎಂದು ರೇಡಿಯೋ ಹೇಳಿತು.

ಲಾರಿಯ ಮೆಟ್ಟಿಲ ಮೇಲೆ ನಿಂತು, ಡ್ರೈವರನ ಹೆಗಲು ಹಿಡಿದು, ಕಾಶಿರಾಯ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಜೀನಿನ ಮೇಲೆ ಕೂತ. ಕಾಲಿಡುವ ಎರಡು ರಿಕಾಪುಗಳೂ ಕಾಲಿಗೆ ಸಿಕ್ಕವು. ಲಗಾಮು ಟಾಂಗಾದಲ್ಲಿ ಹಿಡಿದಂತೆ ಉದ್ದಕ್ಕೆ ಬಿಟ್ಟು ಹಿಡಿದ. ನಾಲಿಗೆಯಿಂದ ಚ್ಚು ಚ್ಚು ಎಂದ. ಮುತ್ಯಾ ಹೊರಟಿತು.

ಮೊದಲ ಅರ್ಧ ಮೈಲು ಅವನು ತಲೆ ಎತ್ತಲಿಲ್ಲ. ಆಮೇಲೆ ಎತ್ತಿದರೆ ದಾರಿಯ ತುಂಬ ಜೀಬ್ರಾಗಳು ನಿಂತಿದ್ದವು, ಮುನ್ನೂರಾದರೂ ಇದ್ದಾವು. ನಿಲ್ಲಿಸಿದರೆ ಮತ್ತೆ ಹೊರಡಿಸಲು ಬರುವುದೋ ಇಲ್ಲವೋ ಎಂಬ ಅನುಮಾನ ಅವನಿಗೆ. ಬಾಯಿ ತಾನಾಗಿಯೇ ತೆರೆಯಿತು: "ಹೋಶಿಯಾರ್! ಬಾಜೂ, ಬಾಜೂ! ಸರೀರಿ ಯಪ್ಪಾ, ಸವಾರಿ ಬರಾಕತ್ತದ!"

ಜೀಬ್ರಾಗಳು ತಲೆ ಎತ್ತಿ ನೋಡಿ ಎರಡು ಕಡೆ ಸರಿದವು. ಸ್ಟೇಶನ್ ಬಜಾರದ ಜನಕ್ಕಿಂತ ಬೇಗ ಸರಿದವೆಂದು ಕಾಶಿರಾಯ ಆಮೇಲೆ ಹೇಳುತ್ತಿದ್ದ. ಮುಂದೆ ಮೂರು ಜಿರಾಫೆಗಳೂ ದಾರಿ ಕೊಟ್ಟವು. ಕಾಡೆಮ್ಮೆಗಳ ಒಂದು ಹಿಂಡು ಮಾತ್ರ ಕೇಳಲಿಲ್ಲ. ರೈಲ್ವೆ ಗೇಟು ಬಿದ್ದಾಗ ಕಾಯುವಂತೆ ಅವನು ಕಾಯ್ದ. ಅವು ದಾಟಿದ ಮೇಲೆ ಮುತ್ಯಾ ತಾನಾಗಿ ನಡೆಯಿತು.

ಹದಿನೇಳು ವರ್ಷ ಅವನು ಕುದುರೆಯ ಹಿಂಭಾಗ ನೋಡುತ್ತ ಊರು ಸುತ್ತಿದ್ದ. ಈಗ ಎರಡು ಕಿವಿಗಳ ನಡುವೆ ಹುಲ್ಲು ದಿಗಂತದವರೆಗೆ ಬಿದ್ದುಕೊಂಡಿತ್ತು, ಕೆಳಗೆ ಒಂದು ಬೆಚ್ಚನೆಯ ಬೆನ್ನು ಉಸಿರಾಡುತ್ತಿತ್ತು. ಸತ್ತ, ಮಾರಿದ, ಮುಪ್ಪಾದ ತನ್ನ ಮೂರೂ ಟಾಂಗಾ ಕುದುರೆಗಳ ನೆನಪಾಯಿತು. ಒಮ್ಮೆಯಾದರೂ ಕೂತು ನೋಡಬಹುದಿತ್ತಲ್ಲ ಅನ್ನಿಸಿತು. ಅವನ ಕಣ್ಣಲ್ಲಿ ನೀರು ಬಂತು. ಗಾಳಿಯೇನೂ ಇರಲಿಲ್ಲ.

ಅವನು ಅಲ್ಲಿಗೆ ಮುಟ್ಟಿದಾಗ ಎಲ್ಲರೂ ಎದ್ದು ನಿಂತರು. ಇಳಿಯುವುದು ಹೇಗೆಂದು ಅವನು ಲೆಕಿಶೋನನನ್ನು ಕೇಳಿದ. ನೆಲದ ಮೇಲೆ ಮಲಗಿದ್ದ ವಕೀಲನಿಗೆ ಇದನ್ನು ಯಾರೋ ವಿವರಿಸಿದರು. ಅವನು ನಕ್ಕ, ನಕ್ಕಿದ್ದಕ್ಕೆ ತೋಳು ನೊಂದು ಕೂಗಿದ, ಮತ್ತೆ ನಕ್ಕ. ತೋಳಿಗೆ ಪಟ್ಟಿ ಕಟ್ಟಿದ ಮೇಲೆ ಮುತ್ಯಾನ ಮೇಲೆ ಕೂರಿಸಿದರೆ ಅವನು ಯಾವ ತಕರಾರೂ ಮಾಡಲಿಲ್ಲ. ಬರುವಾಗ ಪೊದೆಯ ಕೆಳಗೆ ಎರಡು ಸಿಂಹಿಣಿಗಳು ಮಲಗಿದ್ದವಲ್ಲ, ನೋಡಿದೆಯಾ ಎಂದು ಲೆಕಿಶೋನ್ ಕೇಳಿದ. ಕಾಶಿರಾಯ ನೋಡಿರಲಿಲ್ಲ. ನೋಡಿದ್ದರೆ ಅವಕ್ಕೂ ಬಾಜೂ ಅನ್ನುತ್ತಿದ್ದೆ ಎಂದ.

ಮರುದಿನದಿಂದ ಮಿಸೆಸ್ ಹಾರ್ಲೆ ಅವನಿಗೆ ತಾನೇ ನಿಂತು ಸವಾರಿ ಕಲಿಸಿದಳು. ಒಂದು ವರ್ಷದಲ್ಲಿ ಅವನು ಅತಿಥಿಗಳ ಸಾಲಿನ ಕಟ್ಟಕಡೆಯಲ್ಲಿ ಹೋಗುವ ಸವಾರನಾದ. ಯಾರ ಕುದುರೆ ಕುಂಟಿದರೂ ಹಿಂದಿನಿಂದಲೇ ಹೇಳುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ಊರಿಗೆ ಬಂದ. ಕಮಲಾಪುರದವರು ಸಿಂಹದ ಕಥೆ ಕೇಳಲು ಕೂತರು. ಸಿಂಹ ದಿನವೆಲ್ಲ ಮಲಗಿರುತ್ತದೆ ಎಂದು ಕಾಶಿರಾಯ ಹೇಳಿದ. ಜನ ಸ್ವಲ್ಪ ಹೊತ್ತು ಕಾಯ್ದರು. ಕಥೆ ಅಷ್ಟೇ ಎಂದು ತಿಳಿದ ಮೇಲೆ ಎದ್ದರು. ದುಂಡಮ್ಮ ಮಾತ್ರ ಜೀಬ್ರಾದ ಭಾಗವನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಅವನು ಒಂದು ಬಿಳಿ ಹೆಣ್ಣು ಕುದುರೆ ಕೊಂಡು ಕಲಬುರಗಿಯ ಮದುವೆ ಮೆರವಣಿಗೆಗಳಿಗೆ ಒಯ್ಯತೊಡಗಿದ. ಇಲ್ಲಿ ಏರುವವರೆಲ್ಲ ಹೊಸಬರು, ಅದೂ ಬಾಸಿಂಗ ಕಟ್ಟಿಕೊಂಡವರು. ಒಮ್ಮೆ ಖೂಬಾ ಪ್ಲಾಟ್ ಬಡಾವಣೆಯಲ್ಲಿ ದತ್ತಪ್ಪನೆಂಬ ಬ್ಯಾಂಕಿನ ಹುಡುಗ ಬ್ಯಾಂಡಿನ ಸಪ್ಪಳಕ್ಕೆ ಹೆದರಿ ಕುದುರೆಯ ಕುತ್ತಿಗೆ ಅಪ್ಪಿಕೊಂಡ.

"ಕೆಳಗ ನೋಡಬ್ಯಾಡ್ರಿ ಸಾಹೇಬ್ರ, ಕಿವಿ ನೋಡ್ರಿ," ಎಂದ ಕಾಶಿರಾಯ.

"ಯಾರ ಕಿವಿ?"

"ಕುದುರೀದು. ನಿಮ್ಮ ಮಾವನೋರ್ದು ಆಮ್ಯಾಲ ನೋಡೀರಂತ."

ಆರು ವರ್ಷ ಈ ಕೆಲಸ ಮಾಡಿದ. ಒಬ್ಬ ಮದುಮಗನೂ ಬೀಳಲಿಲ್ಲ. ಇಬ್ಬರು ಮಾತ್ರ ಅರ್ಧ ದಾರಿಯಲ್ಲಿ ತಾವಾಗಿಯೇ ಇಳಿದು ಮಂಟಪದವರೆಗೆ ನಡೆದು ಹೋದರು. ಅವರ ಸಂಸಾರವೂ ಚೆನ್ನಾಗಿಯೇ ನಡೆದಿದೆ ಎಂದು ಕೇಳಿದ್ದಾನೆ.