ಅರಿಶಿನದ ಕೆಳಗಿನ ಕೆಂಪು

ರೈಲು ಅನಕಾಪಲ್ಲಿ ದಾಟಿದ ಮೇಲೆ ಮಗಳು ಬೆನ್ನನ್ನು ಸೀಟಿಗೆ ಉಜ್ಜಿಕೊಳ್ಳತೊಡಗಿದಳು. ರೆಕ್ಸಿನ್ ಚುಚ್ಚುತ್ತಿರಬೇಕೆಂದು ಟವೆಲ್ ಹಾಸಿಕೊಟ್ಟೆ. ಉಜ್ಜುವುದು ನಿಲ್ಲಲಿಲ್ಲ. ಫ್ರಾಕನ್ನು ತುಸು ಎತ್ತಿ ನೋಡಿದರೆ ಸೊಂಟದ ಸುತ್ತ ದದ್ದುಗಳು. ಅಂಚು ಕೆಂಪು, ನಡುವೆ ಬಿಳುಪು. ಬೆರಳಿನಿಂದ ಒತ್ತಿದರೆ ಕೆಂಪು ಮಾಯವಾಗಿ, ಬೆರಳು ತೆಗೆದೊಡನೆ ಮರಳುತ್ತಿತ್ತು.

ಗಂಟಲು ಬಾತು ಜ್ವರ ಬಂದಿದ್ದಕ್ಕೆ ವಿಶಾಖಪಟ್ಟಣದ ಡಾಕ್ಟರು ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟಿದ್ದರು. ಜ್ವರ ಇಳಿದಿತ್ತು. ಕೋರ್ಸ್ ಮುಗಿಯುವವರೆಗೂ ನಿಲ್ಲಿಸಬೇಡಿ ಎಂದಿದ್ದರಿಂದ ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು. ನೌಕಾಪಡೆಯಲ್ಲಿರುವ ನನ್ನವರು ಸಮುದ್ರದ ಮೇಲಿದ್ದರು, ಫೋನ್ ಸಿಗುವುದಿಲ್ಲ. ನಾವಿಬ್ಬರೇ ರಜೆಗೆಂದು ವಿಜಯವಾಡದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆವು.

ರಾಜಮಂಡ್ರಿ ಬರುವಷ್ಟರಲ್ಲಿ ಸೊಂಟದ ದದ್ದು ಅಡಗಿ ತೊಡೆಯ ಮೇಲೆ ಹೊಸದು ಎದ್ದಿತ್ತು. ನಾನು ಮತ್ತೆ ಮತ್ತೆ ಫ್ರಾಕಿನ ಅಂಚು ಸರಿಸಿ ನೋಡುವುದನ್ನು ಕಂಡು ಎದುರು ಸೀಟಿನ ಹೆಂಗಸು ಮುಖ ತಿರುಗಿಸಿಕೊಂಡರು. ಇವಳ ಗಂಟಲು ವರ್ಷಕ್ಕೆ ಎರಡು ಮೂರು ಸಲ ಬಾತುಕೊಳ್ಳುತ್ತದೆ, ಪ್ರತಿಸಲ ಇಳಿಸುವುದು ಇದೇ ಔಷಧಿ. ಈ ದದ್ದು ಔಷಧಿಯಿಂದಲೇ ಆಗಿದ್ದರೆ? ಮುಂದಿನ ಸಲ ಉಸಿರಿಗೇ ಬಂದರೆ? ಅಲ್ಲದಿದ್ದರೆ, ಅರ್ಧಕ್ಕೆ ನಿಲ್ಲಿಸಿ ಜ್ವರ ಮರಳಿದರೆ? ಸಂಜೆಯ ಚಮಚ ಕೊಡಬೇಕೋ ಬೇಡವೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ತಂಗಿಯ ಮನೆಯ ಕೆಳಗೆ ಮನೆಯೊಡತಿ ಇರುತ್ತಾರೆ, ತೆಲುಗಿನ ಹಿರಿಯಾಕೆ. ಮೆಟ್ಟಿಲ ಬಳಿ ಮಗುವನ್ನು ಕಂಡವರೇ ಕೈ ಮುಗಿದು, ಇದು ಅಮ್ಮವಾರು, ದೇವಿಯೇ ಮೈಮೇಲೆ ಎದ್ದಿದ್ದಾಳೆ ಎಂದುಬಿಟ್ಟರು. ಅವರ ಕಡೆ ಹೀಗಾದರೆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಔಷಧಿ ಮುಟ್ಟಿಸುವುದಿಲ್ಲ. ನಾನು ಮುಖ ತೊಳೆದು ಬರುವಷ್ಟರಲ್ಲಿ ಬೇವು, ಅರಿಶಿನ ಅರೆದು ಮಗುವಿನ ಮೈಗೆಲ್ಲ ಮೆತ್ತಿಯಾಗಿತ್ತು. ಬಟ್ಟಲು ಹಿಡಿದು ನಿಂತವಳು ನನ್ನ ತಂಗಿಯೇ.

"ಇರ್ಲಿ ಬಿಡಕ್ಕಾ, ತಂಪಾಗತ್ತೆ. ಇಲ್ಲಿ ಎಲ್ಲರೂ ಮಾಡೋದೇ," ಎಂದಳು.

ಆಸ್ಪತ್ರೆಯ ಮಾತೆತ್ತಿದೆ. "ವದ್ದಮ್ಮಾ, ತಲ್ಲಿಗೆ ಕೋಪ ಬರ್ತದಿ," ಎಂದು ಆ ಹಿರಿಯಾಕೆ ನನಗಾಗಿ ಅರ್ಧ ಕನ್ನಡ ಮಾಡಿ, ದೇವಿ ಮುನಿಯುತ್ತಾಳೆ, ಬೇಡವೆಂದರು. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಬೆಳೆದ ನನಗೆ ಹಿರಿಯರೆದುರು ದನಿ ಏರುವುದಿಲ್ಲ. ಮುಗುಳ್ನಕ್ಕು, ಹಳದಿ ಮಗುವಿನ ಕೈ ಹಿಡಿದು ಇಳಿದು ಹೋಗಿ ಆಟೋ ನಿಲ್ಲಿಸಿದೆ. ಹಿಂದಿನಿಂದ ಚಪ್ಪಲಿ ಮೆಟ್ಟುತ್ತಾ ತಂಗಿಯೂ ಓಡಿಬಂದಳು.

ಮಕ್ಕಳ ಡಾಕ್ಟರು ಒದ್ದೆ ಹತ್ತಿಯಿಂದ ಒರೆಸಿದರು, ಮತ್ತೆ ಒರೆಸಿದರು. ಹತ್ತಿಯೆಲ್ಲ ಹಳದಿ. ಕೆಳಗಿನ ಕೆಂಪು ದದ್ದಿನದೋ ಉಜ್ಜಿದ್ದರದೋ ತಿಳಿಯುವಂತಿರಲಿಲ್ಲ. ಅವರು ಸಿಟ್ಟಾಗಲಿಲ್ಲ, ಇಂಥ ಹಳದಿ ಮಕ್ಕಳನ್ನು ಬಹಳ ಕಂಡಿರಬೇಕು. ಬಳಿಯುವ ಮೊದಲು ಹೇಗಿತ್ತು ಎಂದು ಕೇಳಿದರು. ರೈಲಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ: ಎಲ್ಲಿ ಎದ್ದದ್ದು, ಎಲ್ಲಿ ಅಡಗಿದ್ದು, ಒತ್ತಿದಾಗ ಬಿಳಿಚಿದ್ದು. ತುಟಿ ಬಾತಿತ್ತೇ, ವಾಂತಿಯಾಯಿತೇ, ಉಸಿರಿನಲ್ಲಿ ಸದ್ದಿತ್ತೇ? ಇಲ್ಲ. ಔಷಧಿಯಿಂದ ಆಗಿರಬಹುದು, ಗಂಟಲಿಗೆ ಬಂದ ವೈರಸ್ಸಿನಿಂದಲೂ ಆಗಿರಬಹುದು. ಸದ್ಯಕ್ಕೆ ಸಿರಪ್ ನಿಲ್ಲಿಸಿ, ಬೇರೆ ಕೊಡುತ್ತೇನೆ ಎಂದರು. ಹೊರಡುವಾಗ, "ಅಲರ್ಜಿ ಅಂತ ನೀವೇ ಹೆಸರಿಟ್ಟುಬಿಡಬೇಡಿ ಅಮ್ಮ, ಜೀವಮಾನವೆಲ್ಲ ಅಂಟಿಕೊಳ್ಳುತ್ತೆ. ಊರಿಗೆ ಹೋಗಿ ಟೆಸ್ಟ್ ಮಾಡಿಸಿ," ಎಂದು ತಮ್ಮ ತೆಲುಗಿನಲ್ಲಿ ಹೇಳಿದರು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೂ ಟೆಸ್ಟಿಗೆ ಕೆಲವು ವಾರ ಕಾಯಬೇಕಿತ್ತು. ಸೊಳ್ಳೆ ಕಚ್ಚಿದರೂ ನನ್ನ ಕೈ ಒಲೆಯ ಮೇಲಿನ ಹಾಲನ್ನು ಬಿಟ್ಟು ಅವಳ ತೋಳಿಗೆ ಹೋಗುತ್ತಿತ್ತು. ಮಗಳು ಮನೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಳ್ಳತೊಡಗಿದಳು.

ಆಸ್ಪತ್ರೆಯಲ್ಲಿ ಅದೇ ಔಷಧಿಯನ್ನು ಮೊದಲು ಒಂದು ಹನಿ ಕೊಟ್ಟರು. ಕಾದು, ಇನ್ನಷ್ಟು. ಮತ್ತೆ ಕಾದು, ಪೂರ್ತಿ. ಬಂದರಿನ ಕಡೆಯಿಂದ ಹಡಗು ಕೂಗಿದಾಗಲೆಲ್ಲ ಬೆಚ್ಚುತ್ತಿದ್ದೆ.

"ಅಮ್ಮಾ, ನೀನು ನೋಡ್ತಿದ್ರೇನೇ ನಂಗೆ ತುರಿಸೋದು," ಎಂದಳು ಮಗಳು. ನರ್ಸ್ ನಕ್ಕರು. ನಾನು ಗೋಡೆ ನೋಡುತ್ತಾ ಕೂತೆ.

ಏನೂ ಏಳಲಿಲ್ಲ. ಎರಡು ದಿನ ಮನೆಯಲ್ಲಿ ಗಮನಿಸಿ, ಆಮೇಲೆ ಬೇಕಾದಾಗ ಕೊಡಬಹುದು ಎಂದರು ಡಾಕ್ಟರು. ಹಾಗಾದರೆ ರೈಲಿನಲ್ಲಿ ಎದ್ದದ್ದು ಏನು ಎಂದು ಕೇಳಿದೆ. ಜ್ವರದ್ದಿರಬಹುದು, ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ ಎಂದರು. ಆ ಎರಡು ದಿನವೂ ಏನೂ ಆಗಲಿಲ್ಲ.

ಚಳಿಗಾಲದಲ್ಲಿ ಗಂಟಲು ಮತ್ತೆ ಬಾತಿತು. ಡಾಕ್ಟರು ಬರೆದದ್ದು ಅದೇ ಸಿರಪ್. ಬೆಳಕು ಚೆನ್ನಾಗಿರುವ ಕಡೆ ಅವಳನ್ನು ಕೂರಿಸಿ, ಚಮಚ ತುಂಬಿದೆ. ಅವಳು ಬಾಯಿ ತೆರೆದು ಕಾಯುತ್ತಿದ್ದಳು. ನಾನು ಚಮಚವನ್ನು ಹಾಗೇ ಹಿಡಿದುಕೊಂಡಿದ್ದೆ.

"ಕೊಡಮ್ಮಾ," ಎಂದಳು. "ಬಾಯಿ ನೋಯ್ತಿದೆ."

ಕೊಟ್ಟೆ.