ವಂದನಾರ್ಪಣೆ ಇಲ್ಲದ ಪ್ರಬಂಧ

ಮೈಕಿನವರು ‘ಹಲೋ, ಚೆಕ್, ಚೆಕ್’ ಎಂದರೆ ಸಾಕು, ನಾನು ಹಾಳೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗುತ್ತೇನೆ. ಕಳೆದ ಭಾನುವಾರ ಮಾಟುಂಗದ ಕನ್ನಡ ಸಂಘದಲ್ಲೂ ಹಾಗೇ ಆಯಿತು. ನಾನು ಬರೆದ ಪ್ರಬಂಧವೊಂದನ್ನು ಓದಬೇಕಿತ್ತು. ಓದುವುದೇನು ಮಹಾ, ಓದಿಬಿಡಬಹುದು. ಆದರೆ ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು, ಮತ್ತು ಎಂದಿನಂತೆ ಕೊನೆಯ ವಂದನಾರ್ಪಣೆ ಅವರದೇ.

ಅಪ್ಪ ಅಂಧೇರಿಯ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆಯುಷ್ಯ ಕಳೆದವರು. ಭಾನುವಾರ ಮಾತ್ರ ಇಸ್ತ್ರಿ ಶರ್ಟು ತೊಟ್ಟು ಸಂಘಕ್ಕೆ ಬಂದು ವಂದನೆ ಅರ್ಪಿಸುತ್ತಿದ್ದರು. ಒಬ್ಬರನ್ನೂ ಬಿಟ್ಟವರಲ್ಲ. “ಅಧ್ಯಕ್ಷರನ್ನು ಬಿಟ್ಟರೂ ನಡೆದೀತು ಮಗಾ, ಮೈಕಿನವರನ್ನು ಬಿಡಬಾರದು. ಅವರಿಲ್ಲದಿದ್ದರೆ ಅಧ್ಯಕ್ಷರು ಎಂತ ಹೇಳಿದ್ದು ಅಂತ ಯಾರಿಗೆ ಗೊತ್ತಾಗ್ತದೆ?” ಎನ್ನುತ್ತಿದ್ದರು.

ಇಂಥವರ ಕೈಕೆಳಗೆ ಬರೆಯಲು ಕಲಿತ ನಾನು ಹತ್ತನೇ ಕ್ಲಾಸಿನಲ್ಲಿ, ಅದು ಹೇಗೋ, ಅಡ್ವಾನ್ಸ್ಡ್ ಇಂಗ್ಲಿಷ್ ತರಗತಿಗೆ ಆಯ್ಕೆಯಾದೆ. ಅಲ್ಲಿನ ಪಿಂಟೋ ಟೀಚರ್ ಪ್ರಬಂಧವನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸಿ, ತಾವು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಎಲ್ಲಿ ಕಣ್ಣು ತೆರೆಯುತ್ತಾರೋ ಅಲ್ಲಿಂದ ಪ್ರಬಂಧ ಶುರು. ದೀಪಾವಳಿಯೊಳಗೆ ಯಾರ ಪ್ರಬಂಧಕ್ಕೆ ಟೀಚರ ಕಣ್ಣು ತೆರೆಯಲಿಲ್ಲವೋ ಅವರು ಗಂಟುಮೂಟೆ ಕಟ್ಟಿ ಸಾಧಾರಣ ಕ್ಲಾಸಿಗೆ ವಾಪಸ್.

ನನಗೆ ತೆರೆಯಲೇ ಇಲ್ಲ. ಹೇಗೆ ತೆರೆದಾರು ಹೇಳಿ! ನಾನು ಬರೆದದ್ದನ್ನೆಲ್ಲ ಅಪ್ಪ ನೋಡಿ, “ಸ್ವಾಗತ ಎಲ್ಲುಂಟು? ವಂದನಾರ್ಪಣೆ ಎಲ್ಲುಂಟು?” ಎಂದು ಕೇಳುವರು. ಮಳೆಗಾಲದ ಪ್ರಬಂಧ ಮಾನ್ಯ ಓದುಗರನ್ನು ಸ್ವಾಗತಿಸಿ ಹೊರಟು, ಗಟಾರ ಶುಚಿಮಾಡುವವರಿಗೆ ಕೃತಜ್ಞತೆ ಹೇಳಿ ನಿಲ್ಲುತ್ತಿತ್ತು. ದೀಪಾವಳಿ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು. ಟೀಚರ ಮುಚ್ಚಿದ ರೆಪ್ಪೆಗಳು ಊಟದ ತಟ್ಟೆಯಲ್ಲೂ ಕಾಣುತ್ತಿದ್ದವು.

ಕೊನೆಯ ಅವಕಾಶಕ್ಕೆ ಲೋಕಲ್ ಟ್ರೇನಿನ ಬಗ್ಗೆ ಬರೆದೆ. ಸ್ವಾಗತದ ಪ್ಯಾರಾ ಮುಗಿದು ಲೇಡೀಸ್ ಡಬ್ಬಿ ಬಂತು. ಬಟಾಣಿ ಸುಲಿಯುತ್ತ ನಿಂತಿದ್ದ ಹೆಂಗಸೊಬ್ಬಳು “ಕಹಾಂ ಉತರೋಗಿ?” ಎಂದು ನಾನು ಇಳಿಯುವ ಸ್ಟೇಷನ್ ಕೇಳುತ್ತಾಳೆ, ಕಣ್ಣು ಮಾತ್ರ ನನ್ನ ಸೀಟಿನ ಮೇಲೆ. ಹಾಳೆಯಿಂದ ತಲೆಯೆತ್ತಿದರೆ ಟೀಚರ್ ನನ್ನನ್ನೇ ನೋಡುತ್ತಿದ್ದಾರೆ! ಓದುತ್ತ ಹೋದೆ. ನಾನು ಇಳಿದೆ, ಅವಳು ಕೂತಳು. ಅಷ್ಟರಲ್ಲಿ ಟ್ರೇನ್ ಓಡಿಸಿದ ಮೋಟರ್‌ಮನ್‌ಗೆ ವಂದನೆಗಳು ಶುರುವಾಗಿ ಕಣ್ಣು ಮತ್ತೆ ಮುಚ್ಚಿತು.

“ಅವಳು ಕೂತಳಲ್ಲ, ಬಸ್, ಮುಗಿಯಿತು. ಇನ್ನು ಥ್ಯಾಂಕ್ಸ್ ಯಾರಿಗೆ?” ಎಂದರು ಟೀಚರ್.

ತಲೆ, ಬಾಲ ಕತ್ತರಿಸಿ ಬರೆದುಕೊಟ್ಟೆ. ಕ್ಲಾಸಿನಲ್ಲಿ ಉಳಿದೆ. ನಾನು ಬರೆಯುವವಳಾದದ್ದು ಆ ದಿನ ಎಂದೇ ಈಗಲೂ ನಂಬಿದ್ದೇನೆ. ಅಪ್ಪ ಮಾತ್ರ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟೇಯಾ? ಮದುವೆಗೆ ಬಂದವರಿಗೆ ಊಟ ಹಾಕಿ, ವೀಳ್ಯ ಕೊಡದೆ ಕಳಿಸಿದ ಹಾಗಾಯ್ತಲ್ಲ” ಎಂದರು. ಆಮೇಲೆ ನಾನು ತೋರಿಸಲಿಲ್ಲ, ಅವರು ಕೇಳಲೂ ಇಲ್ಲ. ಈಗ ಬೊರಿವಲಿಯ ಮನೆಯಲ್ಲಿ ನನ್ನ ಜೊತೆಗೇ ಇದ್ದಾರೆ, ಆದರೂ ನನ್ನ ಬರಹದ ಸುದ್ದಿ ನಮ್ಮ ನಡುವೆ ಬರುವುದಿಲ್ಲ.

ಆದ್ದರಿಂದ ಭಾನುವಾರ ಓದಿದ್ದು ಸಭೆಗಲ್ಲ, ಅಪ್ಪನಿಗೆ. ಅವರಿಗೆ ಮತ್ತೆ ಬೇಸರವಾದೀತೆಂಬ ಹೆದರಿಕೆಯಲ್ಲಿ ತಲೆಯನ್ನೇ ಎತ್ತಲಿಲ್ಲ. ಎಲ್ಲಿ ಮುಗಿಯಬೇಕೋ ಅಲ್ಲಿ ನಿಲ್ಲಿಸಿ ಕೂತೆ.

ಅಪ್ಪ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು ಮೈಕ್ ಹಿಡಿದರು. “ಮಗಳು ಓದಿದಳು. ನಾನು ಕೇಳಿದೆ” ಎಂದರು. ಅಷ್ಟೇ. ಸಭೆಗೆ ಸಭೆಯೇ ಮುಂದಿನ ಮಾತಿಗೆ ಕಾಯುತ್ತಿತ್ತು. ಅವರು ನನ್ನ ಕುರ್ಚಿಯತ್ತ ಬಗ್ಗಿ, ಪರೀಕ್ಷೆ ಬರೆದ ಮಕ್ಕಳ ಮುಖ ಮಾಡಿಕೊಂಡು, “ಸರಿ ಉಂಟಲ್ಲ? ಉದ್ದ ಆಗಲಿಲ್ಲಲ್ಲ?” ಎಂದು ಪಿಸುಗುಟ್ಟಿದರು.

ನನಗೆ ಅಳು ಉಕ್ಕಿ ಬಂತು. ಇಷ್ಟು ವರ್ಷ ಅವರೂ ನನಗೆ ಹೆದರಿದ್ದರು!

“ಮೈಕಿನವರನ್ನು ಬಿಟ್ಟಿರಿ ಅಪ್ಪ” ಎಂದೆ.

“ಅಯ್ಯೋ, ಹೌದಲ್ಲ ಮಾರಾಯ್ತಿ!” ಎಂದು ಅವರು ಮೈಕಿನತ್ತ ತಿರುಗಿದರು. ಮೈಕಿನವರಿಂದ ಶುರುವಾಗಿ ಚಹಾ ಕೊಟ್ಟವರು, ಕುರ್ಚಿ ಜೋಡಿಸಿದವರು, ಹೂವು ತಂದವರು ಎಲ್ಲರೂ ಬಂದರು. ಜನ ಗಡಿಯಾರ ನೋಡತೊಡಗಿದರು. ನಾನು ಕೊನೆಯ ಹೆಸರಿನವರೆಗೂ ಕಣ್ಣು ತೆರೆದೇ ಕೇಳಿದೆ.